ಅಮ್ಮನ ಡಬ್ಬಿಯ ಕೊಕ್ಕೋ, ಬ್ರಸೆಲ್ಸಿನ ಹುಳಿ ಬಿಯರು

ಅಮ್ಮನಿಗೆ ಹೇಳಿದ್ದು ಅರ್ಧ ಸತ್ಯ. 'ಬೆಲ್ಜಿಯಮ್ಮಿಗೆ ಹೋಗ್ತಿದ್ದೇವೆ, ಅಲ್ಲಿಯ ಚಾಕೊಲೇಟು ಭಾರಿ ಫೇಮಸ್ಸು' ಅಂದೆ. ಬಿಯರಿನ ಸುದ್ದಿ ಎತ್ತಲಿಲ್ಲ. ಪುತ್ತೂರಿನ ಹತ್ತಿರ ನಮ್ಮ ಅಡಿಕೆ ತೋಟದ ನಡುವೆ ಕೊಕ್ಕೋ ಗಿಡಗಳಿವೆ. ಹಾಗಾಗಿ ಚಾಕೊಲೇಟು ಅಂದರೆ ಅಮ್ಮನಿಗೆ ಅದು ಮನೆಯ ಬೆಳೆಯ ವಿಷಯ. ಹೊರಡುವ ದಿನ ಒಂದು ಸಣ್ಣ ಸ್ಟೀಲ್ ಡಬ್ಬಿ ಕೈಗಿತ್ತರು. ಒಳಗೆ ಹುರಿದು, ಸಿಪ್ಪೆ ತೆಗೆದ ಕೊಕ್ಕೋ ಬೀಜದ ಚೂರು. 'ಅಲ್ಲಿಯವರಿಗೆ ತೋರಿಸು, ನಮ್ಮದೇನು ಕಡಿಮೆ ಇಲ್ಲ.'

ಹೆಂಡತಿ ಬಿಯರು ಕುಡಿಯುವವಳಲ್ಲ. ಆದರೆ ಅವಳ ನಾಲಿಗೆ ನನ್ನದಕ್ಕಿಂತ ಚುರುಕು. ಸಾರಿಗೆ ಇಂಗು ಒಂದು ಚಿಟಿಕೆ ಜಾಸ್ತಿಯಾದರೂ ಅಡುಗೆಮನೆಯ ಹೊರಗಿಂದಲೇ ಹೇಳುತ್ತಾಳೆ. ಒಪ್ಪಂದ ಹೀಗಾಯಿತು: ಚಾಕೊಲೇಟು ಅವಳ ಪಾಲಿಗೆ, ಬಿಯರು ನನ್ನ ಪಾಲಿಗೆ. ಎರಡೂ ಸೇರುವ ಕಡೆ ಅವಳು ಒಂದೇ ಒಂದು ಗುಟುಕು ಕುಡಿದು ತೀರ್ಪು ಕೊಡಬೇಕು.

ಮೊದಲ ದಿನ, ಬ್ರಸೆಲ್ಸ್

ಮಾರ್ಚ್ ಮೊದಲ ವಾರ. ಮಳೆ ಅನ್ನಲೂ ಆಗದ, ಮಂಜು ಅನ್ನಲೂ ಆಗದ ಜಿನುಗು. ರೂಮಿನಲ್ಲಿ ಬ್ಯಾಗ್ ಇಟ್ಟು ಸೀದಾ ಹೋದದ್ದು ಗಾಜಿನ ಮಾಡಿನ ಹಳೇ ಅಂಗಡಿ ಬೀದಿಗೆ. 1847ರಲ್ಲಿ ತೆರೆದದ್ದು. ಅಲ್ಲಿ 1857ರಲ್ಲಿ ಜಾನ್ ನೊಯ್‌ಹೌಸ್ ಎಂಬವರು ಔಷಧಿ ಅಂಗಡಿ ಇಟ್ಟರು. ಕಹಿ ಮದ್ದು ಸುಲಭವಾಗಿ ಗಂಟಲಲ್ಲಿ ಇಳಿಯಲಿ ಅಂತ ಅದಕ್ಕೆ ಚಾಕೊಲೇಟು ಸವರಿ ಕೊಡುತ್ತಿದ್ದರಂತೆ. 1912ರಲ್ಲಿ ಅದೇ ಹೆಸರಿನ ಮೊಮ್ಮಗ ಮದ್ದನ್ನು ಬಿಟ್ಟು ಒಳಗೆ ಸಿಹಿ ಹೂರಣ ತುಂಬಿದ. ಅದೇ ಪ್ರಾಲಿನ್. ನಮ್ಮ ಕಡುಬಿನ ಲೆಕ್ಕ ಅಂದುಕೊಳ್ಳಿ, ಹಿಟ್ಟಿನ ಬದಲು ಚಾಕೊಲೇಟಿನ ಚಿಪ್ಪು. ಅದು ಕಾಗದದ ಕೊಟ್ಟೆಯಲ್ಲಿ ಜಜ್ಜಿ ಹೋಗುತ್ತದೆ ಅಂತ 1915ರಲ್ಲಿ ಮೊಮ್ಮಗನ ಹೆಂಡತಿ ಲೂಯಿಸ್ ಅಗೊಸ್ಟಿನಿ ಒಂದು ಗಟ್ಟಿ ರಟ್ಟಿನ ಪೆಟ್ಟಿಗೆ ಮಾಡಿದಳು. ಇವತ್ತಿಗೂ ಇಡೀ ದೇಶದಲ್ಲಿ ಚಾಕೊಲೇಟು ಕಟ್ಟಿಕೊಡುವುದು ಅದೇ ಮಾದರಿಯ ಡಬ್ಬದಲ್ಲಿ. ಗಂಡನಿಗಿಂತ ಅವಳೇ ಬುದ್ಧಿವಂತೆ ಅಂತ ನನ್ನ ಹೆಂಡತಿಯ ಅಭಿಪ್ರಾಯ.

ಅಲ್ಲಿಯ ಬೆಲೆ ನೋಡಿ ಹೆದರಿ, ಬೇರೊಂದು ಬೀದಿಯ ಅಂಗಡಿಯಲ್ಲಿ 'ಎರಡು ತಗೊಂಡರೆ ಒಂದು ಫ್ರೀ' ಅಂತ ಬರೆದಿದ್ದ ಡಬ್ಬ ತಗೊಂಡೆವು. ರೂಮಿಗೆ ಬಂದು ಬಿಚ್ಚಿದರೆ ಎಲ್ಲದರ ಮೇಲೂ ಬೂದಿ ಬಳಿದ ಹಾಗೆ ಬಿಳಿ ಪೊರೆ. ಇದು ಬೂಷ್ಟು ಅಲ್ಲ. ಚಾಕೊಲೇಟು ಒಮ್ಮೆ ಬಿಸಿಗೆ ಸಡಿಲಾಗಿ ಮತ್ತೆ ಗಟ್ಟಿಯಾದರೆ ಕೊಕ್ಕೋ ಬೆಣ್ಣೆ ಹೀಗೆ ಮೇಲಕ್ಕೆ ಬರುತ್ತದೆ. ತಿಂದರೆ ತೊಂದರೆ ಇಲ್ಲ, ತಿನ್ನಲು ಖುಷಿಯೂ ಇಲ್ಲ. ಫ್ರೀ ಬಂದದ್ದನ್ನು ಕೂಡ ಮುಗಿಸಲಾಗಲಿಲ್ಲ.

ಸಂಜೆ ಒಂದು ಸಂದಿಯೊಳಗಿನ ಹಳೇ ಪಾನಗೃಹ, ಆ ಲಾ ಬೆಕಾಸ್. ಅಲ್ಲಿ ಸಿಹಿ ಬೆರೆಸಿದ ಲ್ಯಾಂಬಿಕ್ಕನ್ನು, ಅಂದರೆ ಈ ಕಡೆಯ ಹುಳಿ ಬಿಯರನ್ನು, ಮಣ್ಣಿನ ಜಗ್ಗಿನಲ್ಲಿ ತಂದು ಸುರಿದು ಕೊಡುತ್ತಾರೆ. ಕುಡಿದೆ. ಚೆನ್ನಾಗಿತ್ತು. ನಿದ್ದೆ ಬಂತು.

ಎರಡನೇ ದಿನ, ಕಾಂಟಿಯೋಂ

ಈ ಪ್ರವಾಸ ಇದ್ದದ್ದೇ ಈ ದಿನಕ್ಕಾಗಿ. ಮಿದಿ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಹೊರಗಿಂದ ನೋಡಿದರೆ ಲಾರಿ ರಿಪೇರಿ ಮಾಡುವ ಶೆಡ್ಡಿನ ಥರ ಇದೆ. ಪಾಲ್ ಕಾಂಟಿಯೋಂ ಈ ಲ್ಯಾಂಬಿಕ್ ಬಿಯರಿನ ಕಾರ್ಖಾನೆ ಶುರು ಮಾಡಿದ್ದು 1900ರಲ್ಲಿ. 1978ರಿಂದ ಇದು ಮ್ಯೂಸಿಯಮ್ಮೂ ಹೌದು. ಮ್ಯೂಸಿಯಂ ಅಂದರೆ ಗಾಜಿನ ಪೆಟ್ಟಿಗೆಯೊಳಗೆ ಇಟ್ಟದ್ದಲ್ಲ, ಕೆಲಸ ನಡೆಯುತ್ತಿರುವ ಜಾಗದ ಮಧ್ಯೆ ನಾವೇ ಓಡಾಡುವುದು.

ಬೇರೆ ಬಿಯರು ಮಾಡುವವರು ಅಳೆದು ಸುರಿದು ಸಾಕಿದ ಯೀಸ್ಟ್ ಹಾಕುತ್ತಾರೆ. ಇಲ್ಲಿ ಯೀಸ್ಟನ್ನು ಯಾರೂ ಹಾಕುವುದಿಲ್ಲ, ಅದೇ ಬಂದು ಸೇರುತ್ತದೆ. ಮೊಳಕೆ ಬರಿಸಿದ ಬಾರ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು, ಉಳಿದದ್ದು ಹಸಿ ಗೋಧಿ. ಜೊತೆಗೆ ಎರಡು ಮೂರು ವರ್ಷ ಇಟ್ಟು ಹಳತಾದ, ಕಹಿ ಇಳಿದ ಹಾಪ್ಸ್, ಅಂದರೆ ಬಿಯರಿಗೆ ಕಹಿ ಕೊಡುವ ಹೂವು. ಗಂಟೆಗಟ್ಟಲೆ ಕುದಿಸಿದ ಆ ಸಿಹಿ ನೀರನ್ನು ಮಹಡಿಯ ಮಾಡಿನಡಿಗೆ ಏರಿಸಿ ದೊಡ್ಡದೊಂದು ತಾಮ್ರದ ಹರಿವಾಣಕ್ಕೆ ಸುರಿಯುತ್ತಾರೆ. ಹರಿವಾಣ ಅಂದೆ ಅಲ್ವಾ, ಅದು ಒಂದು ಕೋಣೆಯಷ್ಟು ಅಗಲ, ಮೊಣಕಾಲಿನಷ್ಟೂ ಆಳವಿಲ್ಲ. ಒಂದು ಸಲಕ್ಕೆ ಸುಮಾರು 7,500 ಲೀಟರು. ರಾತ್ರಿಯಿಡೀ ಅದು ಅಲ್ಲೇ ಆರಬೇಕು. ಮಾಡಿನ ಸಂದಿನಿಂದ ಗಾಳಿ ಬರುತ್ತದೆ, ಗಾಳಿಯ ಜೊತೆ ಊರಿನ ಸೂಕ್ಷ್ಮಜೀವಿಗಳು ಬರುತ್ತವೆ. ಮರುದಿನ ಬೆಳಿಗ್ಗೆ ಮರದ ಪೀಪಾಯಿಗೆ. ಸೆಕೆಗಾಲದಲ್ಲಿ ಕುದಿಸುವುದೇ ಇಲ್ಲ, ಬೇಡದ ಜೀವಿಗಳು ಮೊದಲು ಬಂದು ಕೂತುಬಿಡುತ್ತವೆ ಅಂತ. ಅಕ್ಟೋಬರಿನಿಂದ ಏಪ್ರಿಲ್ ಶುರುವಿನ ತನಕ, ಚಳಿಯ ರಾತ್ರಿಗಳಲ್ಲಿ ಮಾತ್ರ.

ನಮ್ಮ ದೋಸೆ ಹಿಟ್ಟಿಗೆ ಯಾರು ಯೀಸ್ಟ್ ಹಾಕುತ್ತಾರೆ? ರುಬ್ಬಿಟ್ಟರೆ ಬೆಳಿಗ್ಗೆ ಉಬ್ಬಿರುತ್ತದೆ. ಶೇಂದಿ ಇಳಿಸುವವರೂ ಏನೂ ಹಾಕುವುದಿಲ್ಲ. ಅಷ್ಟೇ ವಿಷಯ. ಇಲ್ಲಿ ಆ ಹಿಟ್ಟನ್ನು ಮೂರು ವರ್ಷ ಇಡುತ್ತಾರೆ ಅನ್ನುವುದು ವ್ಯತ್ಯಾಸ.

ಪೀಪಾಯಿಗಳ ಸಾಲಿನಲ್ಲಿ ಕತ್ತಲು. ಜೇಡರ ಬಲೆಗಳು ಮಾಡಿನಿಂದ ಹಾಗೇ ನೇತಾಡುತ್ತಿವೆ. ಗುಡಿಸುವುದಿಲ್ಲ. ಹಣ್ಣಿಗೆ ಮುತ್ತುವ ನೊಣಗಳನ್ನು ಜೇಡಗಳೇ ನೋಡಿಕೊಳ್ಳುತ್ತವೆ, ಅವಕ್ಕಿಲ್ಲಿ ಕಾಯಂ ನೌಕರಿ. ಒಂದು ಪೀಪಾಯಿಯ ಬಿರಡೆ ಬಾಯಲ್ಲಿ ಕಂದು ನೊರೆ ಉಕ್ಕಿ, ಮರದ ಮೇಲೆ ಇಳಿದು ಒಣಗಿತ್ತು. ನಾನು ಬಗ್ಗಿ ಮೂಸಿದೆ.

ಅಲ್ಲೇ ನಿಂತುಬಿಟ್ಟೆ. ನನಗೆ ಗೊತ್ತಿದ್ದ ವಾಸನೆ ಅದು.

ನಾನು ಸಣ್ಣವನಿದ್ದಾಗ ಕೊಕ್ಕೋ ಕಾಯಿ ಒಡೆಯುವುದು ಮಕ್ಕಳ ಕೆಲಸ. ಕಾಯಿಯೊಳಗೆ ಬೀಜಗಳಿಗೆ ಬಿಳಿ ಲೋಳೆ ಸುತ್ತಿಕೊಂಡಿರುತ್ತದೆ, ಹಲಸಿನ ತೊಳೆಗಿಂತ ನಯ, ಚೀಪಿದರೆ ಹುಳಿಸಿಹಿ. ಬೀಜ ಕಚ್ಚಿದರೆ ಮಾತ್ರ ಕೆಟ್ಟ ಕಹಿ. ಹೆಚ್ಚಿನ ಸಲ ಅಪ್ಪ ಹಸಿ ಬೀಜವನ್ನೇ ಮಾರಿಬಿಡುತ್ತಿದ್ದರು. ಕೆಲವು ಸಲ ಬುಟ್ಟಿಗೆ ಬಾಳೆ ಎಲೆ ಹಾಸಿ, ಬೀಜ ತುಂಬಿ, ಮೇಲೆ ಗೋಣಿ ಹೊದೆಸಿ ಇಡುತ್ತಿದ್ದರು. ಮೊದಲ ದಿನ ಶೇಂದಿಯ ವಾಸನೆ. ಮೂರನೇ ದಿನ ಕೈ ಹಾಕಿದರೆ ಬೀಜ ಬಿಸಿ. ಯಾರೂ ಬೆಂಕಿ ಹಾಕಿಲ್ಲ, ಒಳಗೇ 45 ಡಿಗ್ರಿ ದಾಟಿರುತ್ತದೆ. ಆಮೇಲೆ ಮೂಗಿಗೆ ಹೊಡೆಯುವ ವಿನೆಗರಿನ ಘಾಟು. ಐದಾರು ದಿನ ಹೀಗೆ ಕೊಳೆತ ಮೇಲೆ ಅಂಗಳದಲ್ಲಿ ಒಣಗಿಸುವುದು. ಕೊಳೆಯದ ಕೊಕ್ಕೋಗೆ ಚಾಕೊಲೇಟಿನ ರುಚಿಯೇ ಇರುವುದಿಲ್ಲ. ಎಷ್ಟು ಹುರಿದರೂ ಬರುವುದಿಲ್ಲ.

ಆ ಎರಡನೇ ಮೂರನೇ ದಿನದ ಬುಟ್ಟಿಯ ವಾಸನೆ, ಹಸಿ ಮರ, ಹಳೇ ಗೋಣಿ, ಹುಳಿ, ಸ್ವಲ್ಪ ಕುದುರೆ ಲಾಯ. ಬ್ರಸೆಲ್ಸಿನ ನಡುಪಟ್ಟಣದಲ್ಲಿ ಅದು ಸಿಕ್ಕೀತು ಅಂತ ಯಾರು ಅಂದುಕೊಂಡಿದ್ದರು? ಹೆಂಡತಿಯನ್ನು ಕರೆದು 'ಇಲ್ಲಿ ಮೂಸಿ ನೋಡು' ಅಂದೆ. ಅವಳು ಮೈಸೂರಿನವಳು. ಮೂಗು ಮುಚ್ಚಿಕೊಂಡಳು.

ಲಾಯದ ವಾಸನೆ ಕೊಡುವ ಯೀಸ್ಟಿಗೆ ಈ ಊರಿನದೇ ಹೆಸರು: ಬ್ರೆಟನೊಮೈಸಿಸ್ ಬ್ರಕ್ಸೆಲೆನ್ಸಿಸ್. ಬೇರೆ ಮದ್ಯದಲ್ಲಿ ಇದು ಸೇರಿದರೆ ಕೆಟ್ಟಿತು ಅಂತ ಚೆಲ್ಲುವವರಿದ್ದಾರೆ. ಇಲ್ಲಿ ಇದೇ ಮನೆ ದೇವರು.

ಸುತ್ತಾಟ ಮುಗಿದ ಮೇಲೆ ರುಚಿ ನೋಡುವುದು. ಮೊದಲು ಜಗ್ಗಿನಿಂದ ಸುರಿದ ಲ್ಯಾಂಬಿಕ್, ನೊರೆಯೇ ಇಲ್ಲ. ಬಿಯರು ಅಂತ ಹೇಳದಿದ್ದರೆ ಗೊತ್ತಾಗುವುದಿಲ್ಲ. ಆಮೇಲೆ ಗೂಝ್: ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ಕುಗಳನ್ನು ಬೆರೆಸಿ ಬಾಟ್ಲಿಗೆ ತುಂಬಿದ್ದು. ಎಳೆಯದರಲ್ಲಿ ಉಳಿದ ಸಕ್ಕರೆ ಬಾಟ್ಲಿಯೊಳಗೇ ಹುದುಗಿ ಗ್ಯಾಸ್ ಹುಟ್ಟಿಸುತ್ತದೆ. ಮೊದಲ ಗುಟುಕಿಗೆ ದವಡೆ ಜುಮ್ಮೆಂದಿತು. ನಿಂಬೆ, ಹಸಿರು ಸೇಬಿನ ಸಿಪ್ಪೆ, ಕೊನೆಗೆ ಒಣ ಹುಲ್ಲು. ಎರಡನೇ ಗುಟುಕಿಗೆ ಹೊಂದಿಕೊಂಡೆ. ಮೂರನೆಯದಕ್ಕೆ ಇನ್ನು ಬೇರೆ ಬಿಯರು ಸಪ್ಪೆ ಅನಿಸುತ್ತದಲ್ಲ ಅಂತ ಚಿಂತೆಯಾಯಿತು.

ಕೊನೆಗೆ ಕ್ರೀಕ್. ಹುಳಿ ಚೆರ್ರಿ ಹಣ್ಣನ್ನು ಬೀಜ ಸಮೇತ ಲ್ಯಾಂಬಿಕ್ಕಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿದ್ದು. ಹೆಂಡತಿ ತನ್ನ ಪಾಲಿನ ಒಂದು ಗುಟುಕು ಕುಡಿದಳು. ಲೋಟ ಕೆಳಗಿಡಲಿಲ್ಲ. 'ಇದು ನಿಮ್ಮೂರಿನ ಪುನರ್ಪುಳಿ ಶರಬತ್ತು, ಸಕ್ಕರೆ ಹಾಕಲು ಮರೆತದ್ದು' ಅಂದಳು. ಬಣ್ಣವೂ ಅದೇ. ನಾನು ಬ್ಯಾಗಿನಿಂದ ಒಂದು ತುಂಡು 70 ಪರ್ಸೆಂಟು ಕೊಕ್ಕೋ ಇರುವ ಕಪ್ಪು ಚಾಕೊಲೇಟು ತೆಗೆದು ಕೊಟ್ಟೆ. ಅರ್ಧ ಕರಗಿದ ಮೇಲೆ ಇನ್ನೊಂದು ಗುಟುಕು. 'ಹ್ಮ್' ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು.

ಒಂದು ಗೂಝ್, ಒಂದು ಕ್ರೀಕ್ ಬಾಟ್ಲಿ ಕಟ್ಟಿಸಿಕೊಂಡು ಬಂದೆವು.

ಮೂರನೇ ದಿನ, ಬ್ರೂಜ್

ರೈಲಿನಲ್ಲಿ ಒಂದು ಗಂಟೆ. ಊರು ಚಂದ. ಜಾಸ್ತಿಯೇ ಚಂದ, ಕ್ಯಾಲೆಂಡರಿನೊಳಗೆ ನಡೆದ ಹಾಗಾಗುತ್ತದೆ. ಕಾಲುವೆ, ಹಂಸ, ಕುದುರೆಗಾಡಿ ಇವನ್ನೆಲ್ಲ ಫೋಟೋದಲ್ಲಿ ನೋಡಿಕೊಳ್ಳಿ.

ನನಗೆ ಮಜಾ ಅನಿಸಿದ್ದು ನೆಲದಡಿಯ ಪೈಪು. ಡೆ ಹಾಲ್ವೆ ಮಾನ್ ಅಂತ 1856ರ ಬಿಯರು ಕಾರ್ಖಾನೆ ಊರಿನ ನಟ್ಟನಡುವೆ ಇದೆ. ಬಾಟ್ಲಿ ತುಂಬುವ ಘಟಕ ಊರಾಚೆ. ಕಲ್ಲು ಹಾಸಿದ ಇಕ್ಕಟ್ಟು ಗಲ್ಲಿಗಳಲ್ಲಿ ಟ್ಯಾಂಕರ್ ಲಾರಿ ಓಡಿಸಿ ಸಾಕಾಗಿ, 2016ರಲ್ಲಿ ಮೂರು ಕಿಲೋಮೀಟರಿಗೂ ಉದ್ದದ ಪೈಪು ಹಾಕಿ ಬಿಯರನ್ನೇ ಹರಿಸಿಬಿಟ್ಟರು. ಗಂಟೆಗೆ 4,000 ಲೀಟರು. ಖರ್ಚಿನ ಒಂದು ಭಾಗವನ್ನು ಜನರಿಂದಲೇ ಎತ್ತಿದರು, ದೊಡ್ಡ ಮೊತ್ತ ಕೊಟ್ಟವರಿಗೆ ಬದುಕಿರುವ ತನಕ ಬಿಯರು. ಬೆಂಗಳೂರಿನಲ್ಲಿ ಕಾವೇರಿ ನೀರಿನ ಪೈಪು ಯಾವಾಗ ಬರುತ್ತದೆ ಅಂತ ಕಾದವರಿಗೆ ಈ ಸುದ್ದಿ ಸ್ವಲ್ಪ ಹೊಟ್ಟೆ ಉರಿಸುತ್ತದೆ.

ಅಲ್ಲಿಯ ಸ್ಟ್ರಾಫೆ ಹೆಂಡ್ರಿಕ್ ಕ್ವಾಡ್ರುಪೆಲ್ ಎಂಬ ಬಿಯರಿನಲ್ಲಿ ಆಲ್ಕೋಹಾಲು 11 ಪರ್ಸೆಂಟು. ಕಪ್ಪು ಕಂದು ಬಣ್ಣ, ಒಣದ್ರಾಕ್ಷಿ, ಜೋನಿಬೆಲ್ಲದ ರುಚಿ. ಹೆಂಡತಿ ಗುಟುಕಿಗೆ ತಲೆ ಅಲ್ಲಾಡಿಸಿ, 'ಇದಕ್ಕೆ ಚಾಕೊಲೇಟು ಯಾಕೆ? ಇದೇ ಸಿಹಿ ಇದೆಯಲ್ಲ' ಅಂದಳು. ಆಗ ನಾನು ಒಪ್ಪಲಿಲ್ಲ. ಪುಸ್ತಕದಲ್ಲಿ ಎಲ್ಲರೂ ಬರೆಯುವುದು ಕಪ್ಪು ಬಿಯರಿಗೆ ಕಪ್ಪು ಚಾಕೊಲೇಟು ಅಂತ ತಾನೇ?

ಮಧ್ಯಾಹ್ನ ದ ಚಾಕೊಲೇಟ್ ಲೈನ್ ಅಂಗಡಿ. ಡೊಮಿನಿಕ್ ಪರ್ಸೋನ್ ಎಂಬ ಪುಣ್ಯಾತ್ಮ ಹುರಿದ ಈರುಳ್ಳಿ, ವಾಸಾಬಿ, ಹಂದಿ ಮಾಂಸ ಎಲ್ಲವನ್ನೂ ಚಾಕೊಲೇಟಿಗೆ ಹಾಕಿದವನು. 2007ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರಿಗಾಗಿ ಕೊಕ್ಕೋ ಪುಡಿಯನ್ನು ಮೂಗಿಗೆ ಹಾರಿಸುವ ಯಂತ್ರವನ್ನೂ ಮಾಡಿದ. ನಮ್ಮೂರಿನ ಅಜ್ಜಂದಿರ ನಸ್ಯದ ಡಬ್ಬಿಯ ದೂರದ ನೆಂಟ. ಈರುಳ್ಳಿಯದ್ದನ್ನು ತಿಂದೆವು. ಅದೇನೋ ಚೆನ್ನಾಗಿತ್ತು, ಈರುಳ್ಳಿ ಬಜೆ ತಿಂದ ಕೈಯಲ್ಲಿ ಮಿಠಾಯಿ ತಿಂದ ಹಾಗೆ. ಮತ್ತೊಮ್ಮೆ ತಗೊಳ್ಳುವುದಿಲ್ಲ.

ನಾಲ್ಕನೇ ದಿನ, ಘೆಂಟ್

ಇಲ್ಲಿ ಗ್ರೂಟ್ ಎಂಬ ಸಣ್ಣ ಕಾರ್ಖಾನೆ ಇದೆ. ಯುರೋಪಿನಲ್ಲಿ ಹಾಪ್ಸ್ ಬಳಕೆ ಹಬ್ಬುವ ಮೊದಲು ಬಿಯರಿಗೆ ಗಿಡಮೂಲಿಕೆಗಳ ಮಿಶ್ರಣ ಹಾಕುತ್ತಿದ್ದರು, ಆ ಮಿಶ್ರಣದ ಹೆಸರೇ ಗ್ರೂಟ್. ಅದೇ ದಾರಿಯಲ್ಲಿ ಇವರು ಮಾಡುತ್ತಾರೆ. ಕುಡಿದರೆ ಗಂಟಲು ನೋವಿಗೆ ಅಜ್ಜಿ ಕೊಡುವ ಕಷಾಯ ತಣ್ಣಗಾದ ಮೇಲೆ ಹೇಗಿರುತ್ತದೋ ಹಾಗೆ. ನನಗೆ ಇಷ್ಟವಾಯಿತು. ಹಾಲಿನ ಚಾಕೊಲೇಟಿನ ಜೊತೆ ಮಾತ್ರ ಜಗಳ. ಬೆಲ್ಲ ಕಚ್ಚಿ ಕಷಾಯ ಕುಡಿದ ಬಾಲ್ಯ ನೆನಪಾಯಿತೇ ಹೊರತು ಬೇರೇನೂ ಆಗಲಿಲ್ಲ.

ಸಂಜೆ ಡುಲ್ಲೆ ಗ್ರೀಟ್ ಎಂಬ ಪಾನಗೃಹ. ಅಲ್ಲಿ ಮರದ ಚೌಕಟ್ಟಿನಲ್ಲಿ ನಿಲ್ಲಿಸುವ ಉದ್ದನೆಯ ಗ್ಲಾಸು, 1.2 ಲೀಟರು ಹಿಡಿಯುತ್ತದೆ. ಜನ ಗ್ಲಾಸು ಕದಿಯುತ್ತಾರೆ ಅಂತ ಅಡವಿಗೆ ಒಂದು ಕಾಲಿನ ಶೂ ಬಿಚ್ಚಿ ಕೊಡಬೇಕು. ಅದನ್ನು ಬುಟ್ಟಿಗೆ ಹಾಕಿ ಹಗ್ಗದಲ್ಲಿ ಮಾಡಿಗೆ ಏರಿಸುತ್ತಾರೆ. ಧರ್ಮಸ್ಥಳದಲ್ಲಿ ಚಪ್ಪಲಿ ಬಿಟ್ಟು ಅಭ್ಯಾಸ ಇರುವವನಿಗೆ ಇದರಲ್ಲಿ ಸಂಕೋಚ ಏನು. ಆದರೆ ನನ್ನ ಸಾಕ್ಸಿನ ಹೆಬ್ಬೆರಳ ಜಾಗ ತೂತಾಗಿತ್ತು. ಅದು ಗೊತ್ತಿದ್ದದ್ದು ನನಗೊಬ್ಬನಿಗೇ. ಶೂ ಬಿಚ್ಚಿದ ಮೇಲೆ ಎಲ್ಲರಿಗೂ ಗೊತ್ತಾಯಿತು. ಒಂದು ಗಂಟೆ ಬೆರಳು ಮಡಚಿಕೊಂಡೇ ಕುಡಿದೆ.

ಐದನೇ ದಿನ, ಲ್ಯೂವೆನ್

ಇಲ್ಲಿ ನನ್ನ ಕಾಲೇಜಿನ ಗೆಳೆಯ ಇದ್ದಾನೆ. ಹಾಸನದವನು, ವಿಶ್ವವಿದ್ಯಾಲಯದಲ್ಲಿ ಕೆಲಸ. ಮಧ್ಯಾಹ್ನ ಅವನ ಮನೆಯಲ್ಲಿ ಅನ್ನ, ಬಸ್ಸಾರು. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪರೀಕ್ಷೆ. ಅವನು ಫ್ರಿಜ್ಜಿನಿಂದ ಬಿಯರು ತೆಗೆದು ತಕ್ಷಣ ಸುರಿಯಲು ಹೊರಟ. ಬೇಡ ಅಂದೆ. ಈ ಐದು ದಿನದಲ್ಲಿ ನಾನು ಕಲಿತದ್ದು ಇದೊಂದು: ಬಿಯರು ಐಸಿನಂತೆ ಇದ್ದರೆ ಚಾಕೊಲೇಟಿನ ಕೆಲಸ ಕೆಡುತ್ತದೆ. ಕೊಕ್ಕೋ ಬೆಣ್ಣೆ ನಮ್ಮ ಮೈಯ ಬಿಸಿಗಿಂತ ಸ್ವಲ್ಪ ಕೆಳಗೆ, 34 ಡಿಗ್ರಿಯ ಆಸುಪಾಸಿನಲ್ಲಿ ಕರಗುವಂಥದ್ದು. ಮೇಲಿಂದ ತಣ್ಣನೆಯದು ಬಿದ್ದರೆ ನಾಲಿಗೆಯ ಮೇಲೇ ಗಟ್ಟಿಯಾಗಿ ಮೇಣ ಜಗಿದ ಹಾಗಾಗುತ್ತದೆ. ಅರ್ಧ ಗಂಟೆ ಹೊರಗಿಡಬೇಕು. ಚಾಕೊಲೇಟು ಮೊದಲು, ಕಚ್ಚಬಾರದು, ಸುಮ್ನೆ ಅಂಗುಳಿಗೆ ಒತ್ತಿಕೊಂಡಿರಬೇಕು. ಅರ್ಧ ಕರಗಿದಾಗ ಒಂದು ಗುಟುಕು. ಬಿಯರಿನ ಗುಳ್ಳೆಗಳು ನಾಲಿಗೆಯ ಜಿಡ್ಡನ್ನು ಎತ್ತಿಕೊಂಡು ಹೋಗುತ್ತವೆ, ಆಗ ಎರಡರ ರುಚಿಯೂ ಇನ್ನೊಂದು ಸಲ ಬರುತ್ತದೆ.

ಹೂಗಾರ್ಡನ್ನಿನ ಗೋಧಿ ಬಿಯರಿನಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಇರುತ್ತದೆ. ಬಿಳಿ ಚಾಕೊಲೇಟಿನ ಜೊತೆ ಪಾಸು. ಓರ್ವಾಲ್ ಮಠದ ಬಿಯರಿಗೆ 85 ಪರ್ಸೆಂಟಿನದ್ದು ಕೊಟ್ಟೆವು, ಹಾಗಲಕಾಯಿಗೆ ಮೆಂತ್ಯ ಸೇರಿಸಿದಂತೆ. ಮೂವರೂ ನೀರು ಕುಡಿದೆವು. ರೋಡೆನ್‌ಬಾಕ್ ಗ್ರಾಂ ಕ್ರು, ಮರದ ದೊಡ್ಡ ಹಂಡೆಗಳಲ್ಲಿ ಎರಡು ವರ್ಷ ಹುಳಿ ಬಂದದ್ದನ್ನು ಎಳೆಯದರ ಜೊತೆ ಬೆರೆಸಿದ್ದು. ಇದಕ್ಕೆ ಹೇಝಲ್‌ನಟ್ ತುಂಬಿದ ಪ್ರಾಲಿನ್ ಬಹಳ ಚೆನ್ನಾಗಿ ಕೂತಿತು. ರೋಶ್‌ಫೋರ್ ಮಠದ 10 ನಂಬರಿನದು, 11.3 ಪರ್ಸೆಂಟು, ಕಪ್ಪು ಚಾಕೊಲೇಟಿನ ಜೊತೆ ಎಲ್ಲರೂ ಹೊಗಳುವ ಜೋಡಿ. ಹೌದು, ಚೆನ್ನಾಗಿದೆ. ಆದರೆ ಎರಡೂ ಒಂದೇ ಮಾತು ಹೇಳುತ್ತವೆ. ಬ್ರೂಜ್‌ನಲ್ಲಿ ಹೆಂಡತಿ ಹೇಳಿದ್ದೇ ಸರಿ ಅಂತ ಇಲ್ಲಿ ಒಪ್ಪಿಕೊಂಡೆ.

ಗೆಳೆಯ ಚಾಕೊಲೇಟಿನ ಪ್ಯಾಕೆಟ್ಟು ತೋರಿಸಿ ಒಂದು ಕಥೆ ಹೇಳಿದ. ಕ್ಯಾಲೆಬೋ ಎಂಬ ದೊಡ್ಡ ಕಂಪನಿ 1850ರಲ್ಲಿ ವೀಜೆ ಎಂಬ ಹಳ್ಳಿಯಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ಬಿಯರು. ಚಾಕೊಲೇಟಿಗೆ ಕೈ ಹಾಕಿದ್ದು 1911ರಲ್ಲಿ. ನಾನೂ ಬಿಡಲಿಲ್ಲ. ಅಡಿಕೆ ಬೆಳೆಗಾರರೇ 1973ರಲ್ಲಿ ಕಟ್ಟಿದ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟು ಕಾರ್ಖಾನೆ ಹಾಕಿದ ಕಥೆ ಹೇಳಿದೆ. ಆಗ ನೆನಪಾಯಿತು, ಡಬ್ಬಿ!

ಕ್ರೀಕ್ ಅಷ್ಟರಲ್ಲಿ ಖಾಲಿಯಾಗಿತ್ತು. ಗೂಝ್ ಬಾಟ್ಲಿ ಮಾತ್ರ ಉಳಿದಿತ್ತು. ಮೂರು ದಿನ ರೈಲಿನಲ್ಲಿ ಕುಲುಕಾಡಿದ್ದನ್ನು ಯೋಚಿಸದೆ ಬಿರಡೆ ತೆಗೆದೆ. ಕಾಲು ಭಾಗ ಗೆಳೆಯನ ಗೋಡೆಗೆ, ಸ್ವಲ್ಪ ಬಸ್ಸಾರಿನ ಪಾತ್ರೆಗೆ. ಉಳಿದದ್ದನ್ನು ಮೂರು ಗ್ಲಾಸಿಗೆ ಹಂಚಿದೆ.

ಅಮ್ಮನ ಕೊಕ್ಕೋ ಚೂರು, ಸಕ್ಕರೆ ಇಲ್ಲ, ಹಾಲಿಲ್ಲ. ಜಗಿದರೆ ಮೊದಲು ಕರುಮ್ಮೆನ್ನುತ್ತದೆ, ಆಮೇಲೆ ಕಹಿ, ಅದರ ಹಿಂದೆ ಸಣ್ಣಗೆ ಹುಳಿ. ಅಂಗಡಿಯ ಚಾಕೊಲೇಟಿನಲ್ಲಿ ಆ ಹುಳಿ ಅಷ್ಟಾಗಿ ಕಾಣುವುದಿಲ್ಲ. ಮೇಲೆ ಒಂದು ಗುಟುಕು ಗೂಝ್. ಹುಳಿಗೆ ಹುಳಿ ಸೇರಿ ಕಹಿ ಹಿಂದೆ ಸರಿಯಿತು. ಆಮೇಲೆ ಬಂದದ್ದು ಬಿಳಿ ಲೋಳೆಯ ಆ ಹಣ್ಣಿನ ರುಚಿ, ಕಾಯಿ ಒಡೆದು ಚೀಪುತ್ತಿದ್ದದ್ದು. ನಾನೇನೂ ಹೇಳಲಿಲ್ಲ. ಹೆಂಡತಿಯೇ 'ಇದರಲ್ಲಿ ಲಿಚಿ ಹಣ್ಣಿನ ಥರ ಏನೋ ಇದೆ' ಅಂದಳು. ಅವಳು ಕೊಕ್ಕೋ ಕಾಯಿ ಚೀಪಿದವಳೇ ಅಲ್ಲ. ಒಂದೇ ಗುಟುಕಿನ ಒಪ್ಪಂದ ಮುರಿದು ಗ್ಲಾಸು ಮುಗಿಸಿದಳು.

ಡಬ್ಬಿಯ ಫೋಟೋ ತೆಗೆದು ಅಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಗ್ಲಾಸುಗಳನ್ನು ಆಚೆ ಸರಿಸಿದ್ದೆ, ಹಿಂದಿನ ಹಸಿರು ಬಾಟ್ಲಿಯನ್ನು ಮರೆತಿದ್ದೆ. ಅಲ್ಲಿ ರಾತ್ರಿ ಹನ್ನೆರಡು ದಾಟಿತ್ತು. ಆದರೂ ಅಮ್ಮ ಎದ್ದಿದ್ದರು.

'ಡಬ್ಬಿಯ ಹಿಂದೆ ಇರುವುದು ಎಂತ ಎಣ್ಣೆ?'

ನಾನು ತಡವರಿಸುತ್ತಿದ್ದಾಗ ಹೆಂಡತಿ ಫೋನು ಕಿತ್ತುಕೊಂಡು 'ಆಲಿವ್ ಎಣ್ಣೆ ಅತ್ತೆ' ಅಂತ ಟೈಪ್ ಮಾಡಿದಳು.

ಸ್ವಲ್ಪ ಹೊತ್ತು ಸುದ್ದಿ ಇಲ್ಲ. ಆಮೇಲೆ ಉತ್ತರ ಬಂತು.

'ಗೋಡೆಯಲ್ಲಿ ನೊರೆ ಇಳಿಯುತ್ತಾ ಉಂಟಲ್ಲ.'